ತೊಂಬತ್ತು ನಿಮಿಷದ ಅಭಿಮಾನ

ಸೋಲು ಖಾತ್ರಿ ಎಂದು ಗೊತ್ತಿದ್ದೂ ಕೈಯಿಂದ ಖರ್ಚು ಮಾಡಿಕೊಂಡು ಸಮುದ್ರ ದಾಟುವವರನ್ನು ಏನೆಂದು ಕರೆಯಬೇಕು? ಹುಚ್ಚರು ಎನ್ನಿ, ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. 2024ರ ಜೂನ್‌ನಲ್ಲಿ ಯೂರೋ ಕಪ್ ಫುಟ್‌ಬಾಲ್ ನೋಡಲು ಇಂಥ ಸುಮಾರು 2 ಲಕ್ಷ ಹುಚ್ಚರು ಜರ್ಮನಿಗೆ ಬಂದಿಳಿದರೆಂದು ಅಂದಾಜು. ಅವರು ಸ್ಕಾಟ್ಲೆಂಡಿನವರು. ಆ ದೇಶದ ಒಟ್ಟು ಜನಸಂಖ್ಯೆಯೇ ಸುಮಾರು 55 ಲಕ್ಷ, ನಮ್ಮ ಬೆಂಗಳೂರಿಗಿಂತ ಕಡಿಮೆ! ಒಬ್ಬ ತರುಣನಂತೂ ಗ್ಲಾಸ್ಗೋದಿಂದ ಮ್ಯೂನಿಕ್‌ವರೆಗೆ ನಡೆದುಕೊಂಡೇ ಬಂದ. ಬಂದು ನೋಡಿದ್ದೇನು? ಮೊದಲ ಪಂದ್ಯದಲ್ಲೇ ಜರ್ಮನಿ 5-1ರಿಂದ ಬಡಿಯಿತು. ಕಲೋನ್‌ನಲ್ಲಿ ಸ್ವಿಟ್ಜರ್ಲೆಂಡ್ ಜೊತೆ 1-1. ಸ್ಟುಟ್‌ಗಾರ್ಟ್‌ನಲ್ಲಿ ಹಂಗೆರಿ ಕೊನೇ ಗಳಿಗೆಯಲ್ಲಿ ಒಂದು ಗೋಲು ಹೊಡೆದು ಇವರ ಗಂಟುಮೂಟೆ ಕಟ್ಟಿಸಿತು. 2024ರವರೆಗಿನ ಲೆಕ್ಕ ತೆಗೆದರೆ 8 ವಿಶ್ವಕಪ್, 4 ಯೂರೋ ಕಪ್. ಒಂದರಲ್ಲೂ ಸ್ಕಾಟ್ಲೆಂಡ್ ಮೊದಲ ಸುತ್ತು ದಾಟಿಲ್ಲ. ಆದರೂ ಹೋಗುತ್ತಾರೆ!

ಗೆಳೆಯರೇ, ಈ ದಂಡಿಗೆ ಟಾರ್ಟನ್ ಆರ್ಮಿ ಎಂದು ಹೆಸರು. ಟಾರ್ಟನ್ ಎಂದರೆ ಅವರ ಚೌಕಳಿ ಬಟ್ಟೆ. ಅದನ್ನು ನಿರಿಗೆ ಹಿಡಿದು ಮಂಡಿಯವರೆಗೆ ಉಟ್ಟರೆ ಕಿಲ್ಟ್. ‘ಗಂಡಸರು ಲಂಗ ಹಾಕಿದ್ದಾರೆ’ ಎಂದು ನಗುವವರು ಸ್ವಲ್ಪ ಚರಿತ್ರೆ ಓದಿಕೊಳ್ಳಲಿ. 1746ರಲ್ಲಿ ಕಲೋಡನ್ ಕಾಳಗದಲ್ಲಿ ಬೆಟ್ಟಸೀಮೆಯ ಬಂಡಾಯವನ್ನು ತುಳಿದ ಮೇಲೆ ಲಂಡನ್ನಿನ ಪಾರ್ಲಿಮೆಂಟು ಈ ಉಡುಪನ್ನೇ ನಿಷೇಧಿಸಿತು. ಉಟ್ಟು ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲ ಸಿಕ್ಕಿದರೆ ಏಳು ವರ್ಷ ಕಡಲಾಚೆಗೆ ಸಾಗಹಾಕುವುದು. ಉಡುವ ಆಸೆಯಿದ್ದರೆ ಬ್ರಿಟಿಷ್ ಸೈನ್ಯಕ್ಕೆ ಸೇರಿ ಅವರಿಗಾಗಿ ಸಾಯಬೇಕು! ಆ ಕಾನೂನು ರದ್ದಾಗಿದ್ದು 1782ರಲ್ಲಿ. ಅಂದು ಜೈಲಿಗೆ ಕಳಿಸಿದ ಬಟ್ಟೆಯೇ ಇಂದು ಈ ದಂಡಿನ ಸಮವಸ್ತ್ರ. ತಮಾಷೆಯೆಂದರೆ ಇಂದು ಅದನ್ನು ಉಡುವವರಲ್ಲಿ ಹೆಚ್ಚಿನವರು ಬಯಲುಸೀಮೆಯವರು. ಅವರ ಅಜ್ಜಂದಿರು ಬೆಟ್ಟದವರನ್ನು ಕಾಡುಜನ ಎಂದು ಹೀಗಳೆದವರು.

ದಂಡಿನಲ್ಲಿ ಊರಿನಿಂದ ಬಂದವರಷ್ಟೇ ಇಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟವರು, ಬಿಟ್ಟವರ ಮಕ್ಕಳು, ಮೊಮ್ಮಕ್ಕಳೂ ಇದ್ದಾರೆ. ಇಂಗ್ಲೆಂಡಿನಲ್ಲೇ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಸುಮಾರು 7 ಲಕ್ಷ ಜನ ಬದುಕುತ್ತಿದ್ದಾರೆ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಲೆಮಾರುಗಳಿಂದ ನೆಲೆಸಿದವರು ಬೇರೆ. ಎಲ್ಲರೂ ಇಷ್ಟಪಟ್ಟು ಹೋದವರಲ್ಲ. ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ಜಮೀನ್ದಾರರು ಕುರಿ ಮೇಯಿಸಲು ಜಾಗ ಬೇಕೆಂದು ಗೇಣಿದಾರರನ್ನು ಒಕ್ಕಲೆಬ್ಬಿಸಿದರು. ಹಾಗೆ ನೆಲೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಹಡಗು ಹತ್ತಿ ಕೆನಡಾದ ನೋವಾ ಸ್ಕೋಷಿಯಾ ಸೇರಿದವು. ಆ ಹೆಸರಿನ ಅರ್ಥವೇ ಹೊಸ ಸ್ಕಾಟ್ಲೆಂಡ್.

ಬೇರು ಎಷ್ಟು ದೂರ ಚಾಚುತ್ತದೆ ನೋಡಿ. 1999ರ ನವೆಂಬರ್ 17ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಸ್ಕಾಟ್ಲೆಂಡ್ 1-0ರಿಂದ ಸೋಲಿಸಿತು. ಗೋಲು ಹೊಡೆದ ಡಾನ್ ಹಚಿಸನ್ ಹುಟ್ಟಿದ್ದು ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ! ಅಪ್ಪನ ಊರು ಸ್ಕಾಟ್ಲೆಂಡ್, ಅಷ್ಟೇ. ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ ಸ್ಕಾಟ್ಲೆಂಡ್ 2-1ರಿಂದ ಸೋತು ಹೊರಬಿತ್ತು, ಅದು ಎಂದಿನಂತೆ. ಆದರೆ ಇಂಗ್ಲೆಂಡಿನ ನೆಲದಲ್ಲಿ ಬೆಳೆದ ಹುಡುಗ ಅಂದು ಯಾವ ಬಣ್ಣದ ಅಂಗಿ ತೊಟ್ಟಿದ್ದ ಎಂಬುದನ್ನು ಅಲ್ಲಿನ ಸ್ಕಾಟಿಷ್ ಮನೆಗಳು ಮರೆತಿಲ್ಲ.

ಫುಟ್‌ಬಾಲಿನ ಮೇಲೇಕೆ ಇಷ್ಟು ಮೋಹ? ಕಾರಣ ಸರಳ. ವಿಶ್ವಸಂಸ್ಥೆಯಲ್ಲಿ ಸ್ಕಾಟ್ಲೆಂಡಿಗೆ ಕುರ್ಚಿಯಿಲ್ಲ. ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಬಾವುಟ ಹಿಡಿದು ಓಡಬೇಕು. ಫುಟ್‌ಬಾಲ್ ಮೈದಾನದಲ್ಲಾದರೆ ಅದು ತನ್ನದೇ ಹೆಸರಿನ, ತನ್ನದೇ ಬಾವುಟದ ದೇಶ.

ಇವರು ಮೊದಲಿನಿಂದಲೂ ಸಾಧುಗಳೇನಲ್ಲ. ವೆಂಬ್ಲಿಯಲ್ಲಿ ಪಂದ್ಯವಿದ್ದರೆ ಎರಡು ವರ್ಷ ಮೊದಲೇ ಚೀಟಿ ಹಾಕಿದಂತೆ ವಾರವಾರ ದುಡ್ಡು ಕೂಡಿಟ್ಟು ಲಂಡನ್ನಿಗೆ ದಾಳಿಯಿಡುತ್ತಿದ್ದರು. 1977ರ ಜೂನ್ 4ರಂದು 2-1ರಿಂದ ಗೆದ್ದಾಗ ಮೈದಾನಕ್ಕೆ ನುಗ್ಗಿ ಗೋಲುಕಂಬ ಮುರಿದರು, ಹುಲ್ಲು ಕಿತ್ತು ಮನೆಗೊಯ್ದರು. ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಪುಂಡರು ಯೂರೋಪಿನ ಊರೂರಲ್ಲಿ ರಂಪ ಮಾಡಿ ಹೆಸರು ಕೆಡಿಸಿಕೊಂಡಾಗ ಸ್ಕಾಟರಿಗೆ ಜ್ಞಾನೋದಯವಾಯಿತು. ನಾವು ಅವರಲ್ಲ ಎಂದು ತೋರಿಸಬೇಕು! ಛಲ ಅಂದರೆ ಇದು. 1992ರಲ್ಲಿ ಸ್ವೀಡನ್ನಿನ ಯೂರೋ ಕಪ್‌ನಲ್ಲಿ ಇವರ ನಡತೆ ಕಂಡು ಯೂರೋಪಿನ ಫುಟ್‌ಬಾಲ್ ಒಕ್ಕೂಟವೇ ಪ್ರಶಸ್ತಿ ಕೊಟ್ಟಿತು. 1996ರಲ್ಲಿ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಪಂದ್ಯದ ಹೊತ್ತು ಬದಲಾದ ಜಗಳದಲ್ಲಿ ಎದುರಾಳಿ ತಂಡ ಮೈದಾನಕ್ಕೇ ಬರಲಿಲ್ಲ. ಸ್ಕಾಟ್ಲೆಂಡ್ ಚೆಂಡು ಒದ್ದಿತು, ಮೂರು ಸೆಕೆಂಡಿಗೆ ರೆಫರಿ ಪೀಪಿ ಊದಿ ಆಟ ಮುಗಿಸಿದ. ಅಷ್ಟು ದೂರದಿಂದ ಬಂದವರು ಕುರ್ಚಿ ಮುರಿಯಲಿಲ್ಲ, ಊರಲ್ಲಿ ಇರುವುದೇ ಒಂದು ತಂಡ ಎಂದು ಹಾಡು ಕಟ್ಟಿ ಹಾಡಿದರು. 2003ರಿಂದ ಇವರದೇ ‘ಸನ್‌ಶೈನ್ ಅಪೀಲ್’ ಎಂಬ ನಿಧಿ, ತಂಡ ಆಡಲು ಹೋಗುವ ಪ್ರತಿ ದೇಶದಲ್ಲೂ ಅಲ್ಲಿನ ಮಕ್ಕಳ ಸಂಸ್ಥೆಯೊಂದಕ್ಕೆ ಹಣ ಕೊಟ್ಟು ಬರುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಕಹಿಯನ್ನೂ ಹೇಳಲೇಬೇಕು. 1992ರ ಚುನಾವಣೆಯಲ್ಲಿ ಸೋತ ಸ್ಕಾಟಿಷ್ ರಾಷ್ಟ್ರೀಯ ಪಕ್ಷದ ನಾಯಕ ಜಿಮ್ ಸಿಲರ್ಸ್ ತನ್ನ ಜನರನ್ನೇ ‘ತೊಂಬತ್ತು ನಿಮಿಷದ ದೇಶಭಕ್ತರು’ ಎಂದು ಜರೆದ. ಪಂದ್ಯ ನಡೆಯುವಷ್ಟು ಹೊತ್ತು ಸ್ಕಾಟ್ಲೆಂಡ್, ಸ್ಕಾಟ್ಲೆಂಡ್! ಸೀಟಿ ಊದಿದ ಮೇಲೆ ಎಲ್ಲ ಮರೆತು ಮನೆಗೆ! ಆ ಮಾತು ಇಂದಿಗೂ ಅಲ್ಲಿ ಚುಚ್ಚುತ್ತದೆ.

ಚುಚ್ಚದೆ ಇರುತ್ತದೆಯೇ? ಜಗತ್ತಿನ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನಡೆದದ್ದು ಗ್ಲಾಸ್ಗೋದಲ್ಲಿ, 1872ರ ನವೆಂಬರ್ 30ರಂದು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್, 0-0. ಅದೇ 1872ರಲ್ಲಿ ಸ್ಕಾಟ್ಲೆಂಡಿಗೆ ಕಡ್ಡಾಯ ಶಿಕ್ಷಣದ ಕಾಯ್ದೆ ಬಂತು. ಅದರಲ್ಲಿ ಬೆಟ್ಟಸೀಮೆಯ ಗೇಲಿಕ್ ನುಡಿಗೆ ಒಂದು ಸಾಲಿನ ಜಾಗವೂ ಇರಲಿಲ್ಲ. ಶಾಲೆಯಲ್ಲಿ ತಾಯ್ನುಡಿ ಆಡಿದ ಮಗುವಿನ ಕೊರಳಿಗೆ ಕೋಲು ನೇತುಹಾಕಿ ಅವಮಾನಿಸಿದ ಮೇಷ್ಟ್ರುಗಳಿದ್ದರು. 1891ರಲ್ಲಿ ಎರಡೂವರೆ ಲಕ್ಷ ಜನ ಆಡುತ್ತಿದ್ದ ನುಡಿ 2011ರ ಹೊತ್ತಿಗೆ 57 ಸಾವಿರಕ್ಕೆ ಇಳಿಯಿತು. ಗೇಲಿಕ್ ಉಳಿದಿರುವ ಲೂಯಿಸ್ ದ್ವೀಪದ ಸ್ಟೋರ್ನೊವೇ ಊರನ್ನು ನಾವು ಬೇರೆ ಕಾರಣಕ್ಕೂ ನೆನೆಯಬೇಕು. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುತ್ತಾ ನಮ್ಮ ಕೈಫಿಯತ್ತು, ಶಾಸನಗಳನ್ನು ಕೂಡಿಹಾಕಿದ ಕರ್ನಲ್ ಕಾಲಿನ್ ಮೆಕೆಂಜಿಯ ಹುಟ್ಟೂರು ಅದು.

ಕಿಲ್ಟ್ ಮರಳಿ ಬಂತು, ಬಾವುಟ ಹಾರಿತು, ಬ್ಯಾಗ್‌ಪೈಪ್ ಊದಿತು. ನುಡಿ ಮಾತ್ರ ಮನೆ ಬಿಟ್ಟು ಹೋಯಿತು. ಇಂಗ್ಲೆಂಡನ್ನು ಹೀಯಾಳಿಸುವ ಹಾಡೂ ಇಂಗ್ಲಿಷಿನಲ್ಲೇ! ಕನ್ನಡದ ತರುಣರೇ, ಇದನ್ನು ಓದಿ ಸ್ಕಾಟರನ್ನು ನೋಡಿ ನಗಬೇಡಿ. ನವೆಂಬರ್ ಒಂದಕ್ಕೆ ಬೈಕಿಗೆ ಬಾವುಟ ಕಟ್ಟಿ ಮೆರವಣಿಗೆ ಹೊರಡುವ ನಮ್ಮಲ್ಲೇ ಎಷ್ಟು ಜನರ ಮನೆಯ ಮಕ್ಕಳು ಕನ್ನಡದ ಒಂದು ಪುಟವನ್ನು ತಡವರಿಸದೆ ಓದುತ್ತಾರೆ? ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗೆ ಡೊನೇಷನ್ ಕಟ್ಟಿ ಕ್ಯೂ ನಿಲ್ಲುವವರು ಯಾರು? ನವೆಂಬರ್ ಕನ್ನಡಿಗನಿಗೂ ತೊಂಬತ್ತು ನಿಮಿಷದ ಸ್ಕಾಟನಿಗೂ ಇರುವ ವ್ಯತ್ಯಾಸವೆಂದರೆ ಅವನು ಇನ್ನೊಬ್ಬರ ಊರಿಗೆ ಹೋದಾಗಲೂ ತನ್ನ ಗುರುತು ಮುಚ್ಚಿಡುವುದಿಲ್ಲ.

ಅಲ್ಲಿ ಗಾಳಿ ತಿರುಗಿದೆ, ಅದೂ ಶಾಲೆಯ ಕಡೆಯಿಂದ. 1985ರಲ್ಲಿ ಗ್ಲಾಸ್ಗೋ ಮತ್ತು ಇನ್ವರ್ನೆಸ್‌ನಲ್ಲಿ ಗೇಲಿಕ್ ಮಾಧ್ಯಮದ ತರಗತಿಗಳು ಶುರುವಾದವು. 2006ರಲ್ಲಿ ಗ್ಲಾಸ್ಗೋ ನಗರಕ್ಕೆ ಪೂರ್ತಿ ಗೇಲಿಕ್ ಶಾಲೆಯೇ ಬಂತು. ಹಳ್ಳಿಯಲ್ಲಿ ಬಸವಳಿದ ನುಡಿಗೆ ಪೇಟೆಯ ಅಪ್ಪ ಅಮ್ಮಂದಿರು ಮಕ್ಕಳನ್ನು ಕೊಟ್ಟರು. 2022ರ ಜನಗಣತಿಯಲ್ಲಿ ಗೇಲಿಕ್ ಆಡುವವರ ಸಂಖ್ಯೆ ಸುಮಾರು 70 ಸಾವಿರಕ್ಕೆ ಏರಿತು.

2025ರ ನವೆಂಬರ್ 18ರಂದು ಗ್ಲಾಸ್ಗೋದ ಹ್ಯಾಂಪ್ಡೆನ್ ಮೈದಾನದಲ್ಲಿ ಡೆನ್ಮಾರ್ಕನ್ನು 4-2ರಿಂದ ಸೋಲಿಸಿ ಸ್ಕಾಟ್ಲೆಂಡ್ 1998ರ ನಂತರ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಮೂರನೇ ನಿಮಿಷಕ್ಕೇ ಗಾಳಿಯಲ್ಲಿ ಮಲಗಿ ಗೋಲು ಹೊಡೆದ ಸ್ಕಾಟ್ ಮೆಕ್‌ಟಾಮಿನೆ ಹುಟ್ಟಿದ್ದು ಇಂಗ್ಲೆಂಡಿನ ಲ್ಯಾಂಕಸ್ಟರ್‌ನಲ್ಲಿ. ವಲಸೆ ಹೋದ ಇನ್ನೊಂದು ಮನೆಯ ಮಗ! ಹ್ಯಾಂಪ್ಡೆನ್ ಕುಣಿದು ಹನ್ನೆರಡು ದಿನಕ್ಕೆ, ನವೆಂಬರ್ 30ರಂದು, ಸದ್ದುಗದ್ದಲವಿಲ್ಲದೆ ಇನ್ನೊಂದು ಕೆಲಸ ನಡೆಯಿತು. ಅಂದು ಗೇಲಿಕ್ ಮತ್ತು ಸ್ಕಾಟ್ಸ್ ನುಡಿಗಳು ಕಾನೂನಿನ ಪ್ರಕಾರ ಸ್ಕಾಟ್ಲೆಂಡಿನ ಅಧಿಕೃತ ಭಾಷೆಗಳಾದವು. ಗ್ಲಾಸ್ಗೋದ ಆ ಮೊದಲ ಪಂದ್ಯಕ್ಕೆ ಅಂದಿಗೆ ಸರಿಯಾಗಿ 153 ವರ್ಷ.