ಬೆಳ್ಳಿ, ಬಂಗಾರ, ಪ್ಲಾಟಿನಂ: ಢಾಕಿಯ ಕೆಲಸಕ್ಕೆ ಯಾರ ಅಳತೆ?

ದುರ್ಗಾಪೂಜೆಗೆ ಇನ್ನು ಎರಡು ಮೂರು ದಿನ ಇದೆ ಎನ್ನುವಾಗ ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದ ಹೊರಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಮುರ್ಷಿದಾಬಾದ್, ನದಿಯಾ, ಬಾಂಕುಡಾ, ಬರ್ಧಮಾನ್ ಮುಂತಾದ ಕಡೆಯ ಹಳ್ಳಿಗಳಿಂದ ಬಂದಿಳಿದ ಢಾಕಿಗಳು ಅಲ್ಲಿ ಗುಂಪುಗುಂಪಾಗಿ ನಿಂತು ಬಾರಿಸುತ್ತಿರುತ್ತಾರೆ. ಢಾಕ್ ಎಂದರೆ ಹೆಗಲಿಗೆ ನೇತುಹಾಕಿಕೊಂಡು ಎರಡು ಕಡ್ಡಿಗಳಿಂದ ಬಾರಿಸುವ ದೊಡ್ಡ ಮರದ ವಾದ್ಯ. ನಮ್ಮ ಡೊಳ್ಳಿನ ದೂರದ ನೆಂಟ. ಪೂಜಾ ಸಮಿತಿಯವರು ಬರುತ್ತಾರೆ, ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ, ಒಪ್ಪಿಗೆಯಾದವರನ್ನು ಕರೆದುಕೊಂಡು ಹೋಗುತ್ತಾರೆ. ಷಷ್ಠಿಯ ಹೊತ್ತು ಮೀರಿದರೂ ಯಾರೂ ಕರೆಯದವರು ಸಿಕ್ಕಿದಷ್ಟಕ್ಕೆ ಒಪ್ಪಬೇಕು, ಇಲ್ಲವೇ ಬಂದ ರೈಲಿನಲ್ಲೇ ಊರಿಗೆ ಮರಳಬೇಕು.

ಈ ಸಂತೆ ಈಗ ಸ್ವಲ್ಪ ಸ್ವಲ್ಪವಾಗಿ ಫೋನಿನೊಳಗೆ ಹೋಗುತ್ತಿದೆ. ಮದುವೆಗೆ ಆ್ಯಂಕರ್, ಹುಟ್ಟುಹಬ್ಬಕ್ಕೆ ಜಾದೂಗಾರ, ಕಂಪನಿಯ ಪಾರ್ಟಿಗೆ ಡಿಜೆ ಒದಗಿಸುವ ಬುಕಿಂಗ್ ಫಾರಂಗಳಲ್ಲಿ ಢಾಕಿಯೂ ಒಂದು ಸಾಲು. ಊರು, ದಿನಾಂಕ, ಬಜೆಟ್ ತುಂಬಿಸಿದರೆ ಮೂರು ಚೌಕಗಳು ಎದುರಾಗುತ್ತವೆ: ಸಿಲ್ವರ್, ಗೋಲ್ಡ್, ಪ್ಲಾಟಿನಂ. ನಡುವಿನದರ ತಲೆಯ ಮೇಲೆ ಸಾಮಾನ್ಯವಾಗಿ ‘ಹೆಚ್ಚು ಜನರ ಆಯ್ಕೆ’ ಎಂಬ ಪಟ್ಟಿ. ಕೆಳಗೆ ಗಂಟೆ ಇಷ್ಟು, ಜನ ಇಷ್ಟು, ಸಮವಸ್ತ್ರ ಉಂಟು ಅಥವಾ ಇಲ್ಲ. ಹೋಟೆಲ್ ಕೋಣೆ, ಜಿಮ್ ಸದಸ್ಯತ್ವ, ಕಾರು ತೊಳೆಯುವ ಸೇವೆ ಎಲ್ಲಕ್ಕೂ ಈ ಅಚ್ಚು ಒಂದೇ.

ಪ್ಯಾಕೇಜು ಕಟ್ಟುವುದೇ ಪಾಪವೆಂದು ಇಲ್ಲಿ ವಾದವಿಲ್ಲ. ಬೆಲೆ ಮೊದಲೇ ಗೊತ್ತಿದ್ದರೆ ಎರಡೂ ಕಡೆಗೆ ನೆಮ್ಮದಿ. ತಕರಾರು ಇರುವುದು ಅಳತೆಗೋಲಿನ ಬಗ್ಗೆ. ಬೆಳ್ಳಿ, ಬಂಗಾರ, ಪ್ಲಾಟಿನಂ ಎಂಬ ಹೆಸರುಗಳು ಕೊಳ್ಳುವವನ ಅಂತಸ್ತನ್ನು ಹೇಳುತ್ತವೆ. ಬಾರಿಸುವವನು ಏನು ಮಾಡಬೇಕು ಎಂಬುದರ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಫಾರಂ ಎಂದರೆ ಕರಾರುಪತ್ರ. ಕರಾರಿನಲ್ಲಿ ಕೆಲಸದ ಹೆಸರೇ ಇಲ್ಲದಿದ್ದರೆ, ಬರೆಯದೆ ಬಿಟ್ಟ ಕೆಲಸವೆಲ್ಲ ದುಡಿಯುವವನ ತಲೆಗೆ ಬೀಳುತ್ತದೆ.

ಢಾಕಿಯ ಕೆಲಸವನ್ನೇ ನೋಡಿ. ಷಷ್ಠಿಯ ಸಂಜೆ ಬೋಧನ. ಸಪ್ತಮಿಯ ನಸುಕಿಗೆ ಬಾಳೆಯ ಗಿಡವನ್ನು ನದಿಗೆ ಒಯ್ದು ಮೀಯಿಸಿ ತರುವ ನವಪತ್ರಿಕಾ ಸ್ನಾನ. ಹೋಗುವಾಗ ಬರುವಾಗ ಢಾಕ್ ಬೇಕು. ಪ್ರತಿದಿನ ಪೂಜೆ, ಸಂಜೆ ಆರತಿ, ಧೂಪದ ಮಡಕೆ ಹಿಡಿದು ಕುಣಿಯುವವರಿಗೆ ತಾಳ. ಅಷ್ಟಮಿಯ ಕೊನೆಯ 24 ನಿಮಿಷ ಮತ್ತು ನವಮಿಯ ಮೊದಲ 24 ನಿಮಿಷ ಸೇರಿದರೆ ಸಂಧಿಪೂಜೆ. 108 ದೀಪ ಹಚ್ಚುವ ಆ 48 ನಿಮಿಷಗಳಲ್ಲಿ ಢಾಕ್ ಮೌನವಾಗಿದ್ದರೆ ಪೂಜೆ ನಡೆದಂತೆ ಯಾರಿಗೂ ಅನ್ನಿಸುವುದಿಲ್ಲ. ತಿಥಿ ಕೂಡುವ ಗಳಿಗೆ ಒಂದು ವರ್ಷ ನಡುಹಗಲು, ಇನ್ನೊಂದು ವರ್ಷ ನಡುರಾತ್ರಿ. ಕೊನೆಗೆ ದಶಮಿಯ ವಿಸರ್ಜನೆ. ಒಂದೊಂದು ಸಂದರ್ಭಕ್ಕೂ ಬೇರೆ ಬೇರೆ ಬೋಲ್ ಇದೆ. ಆರತಿಯ ನಡೆಯಲ್ಲಿ ವಿಸರ್ಜನೆ ಮಾಡಲು ಬರುವುದಿಲ್ಲ.

ಇದನ್ನು ‘ದಿನಕ್ಕೆ 8 ಗಂಟೆ’ ಎಂದು ಬರೆದರೆ ಏನಾಗುತ್ತದೆ? ನಸುಕಿನ ಸ್ನಾನಕ್ಕೂ ನಡುರಾತ್ರಿಯ ಸಂಧಿಗೂ ನಡುವೆ ಕಾಯುವ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಬಾರಿಸದೆ ಕಾಯುವುದೂ ಈ ಕೆಲಸದ ಭಾಗ. ಇನ್ನು ಸಂಧಿಪೂಜೆಯನ್ನು ‘ಆ್ಯಡ್-ಆನ್’ ಎಂದು ಪ್ಲಾಟಿನಂ ಚೌಕದಲ್ಲಿಟ್ಟರೆ ನಗೆಪಾಟಲು. ನಮ್ಮ ಕಡೆಯ ಮದುವೆಗೆ ವಾಲಗದವರನ್ನು ಕರೆಸಿ, ‘ಬೆಳ್ಳಿ ಪ್ಯಾಕೇಜಿನಲ್ಲಿ ಗಟ್ಟಿಮೇಳ ಇರುವುದಿಲ್ಲ’ ಎಂದು ಹೇಳಿದ ಹಾಗೆ. ಮಾಂಗಲ್ಯಧಾರಣೆಯ ಹೊತ್ತಿಗೆ ಮೊಳಗದ ವಾಲಗ ಇದ್ದರೆಷ್ಟು, ಬಿಟ್ಟರೆಷ್ಟು? ಕಾರ್ಯ ನಡೆಯಲು ಬೇಕೇ ಬೇಕಾದದ್ದೆಲ್ಲ ಮೊದಲ ಚೌಕದಲ್ಲೇ ಇರಬೇಕು. ಅದಿಲ್ಲದ ಅಗ್ಗದ ಚೌಕ ಗಿರಾಕಿಯನ್ನು ಮೇಲಿನ ಚೌಕಕ್ಕೆ ತಳ್ಳುವ ಬೆದರುಬೊಂಬೆ, ಅಷ್ಟೆ.

ಗಿರಾಕಿಯನ್ನು ಇಂಥ ಕಳ್ಳಾಟದಿಂದ ಕಾಯಲು ಒಂದು ಕಟ್ಟಳೆಯಾದರೂ ಬಂದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಆನ್‌ಲೈನ್ ಮಾರಾಟದ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಒಂದೊಂದೇ ಶುಲ್ಕ ಸೇರಿಸುವುದು ಅವುಗಳಲ್ಲೊಂದು. ಒಳ್ಳೆಯದೇ ಆಯಿತು. ಆದರೆ ಅದೇ ಪರದೆಯ ಇನ್ನೊಂದು ಬದಿಯಲ್ಲಿ ಇರುವವನಿಗೆ, ತನ್ನ ಹೆಸರಿನಲ್ಲಿ ಗಿರಾಕಿ ಎಷ್ಟು ಕಟ್ಟಿದ, ತನಗೆ ಬಂದದ್ದೆಷ್ಟು ಎಂದು ತೋರಿಸಬೇಕೆಂದು ಆ ಮಾರ್ಗಸೂಚಿ ಎಲ್ಲೂ ಕೇಳುವುದಿಲ್ಲ.

ತೆರಿಗೆಯ ಕಾನೂನಿಗೆ ಈ ವ್ಯತ್ಯಾಸ ಗೊತ್ತಿದೆ. 2017ರಲ್ಲಿ ಜಿಎಸ್‌ಟಿ ಬಂದಾಗ, ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕದ ಕಲಾವಿದ ಒಂದು ಪ್ರದರ್ಶನಕ್ಕೆ ಪಡೆಯುವ ಸಂಭಾವನೆ 1,50,000 ರೂಪಾಯಿ ಮೀರದಿದ್ದರೆ ತೆರಿಗೆ ಇಲ್ಲ ಎಂದು ವಿನಾಯಿತಿ ಕೊಟ್ಟರು. ಆ ವಿನಾಯಿತಿ ಕಲಾವಿದನಿಗೆ; ಮಧ್ಯವರ್ತಿಯ ಕಮಿಷನ್ನಿಗೆ ಅದು ಸಲ್ಲುವುದಿಲ್ಲ. ಲೈಟು, ಸೌಂಡು, ಶಾಮಿಯಾನ, ಢಾಕ್ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಒಂದೇ ಬೆಲೆ ಬರೆದಾಗ, ಸರ್ಕಾರ ಬೇರೆಯಾಗಿ ಗುರುತಿಸಿದ ಕಲಾವಿದನ ಪಾಲು ಗಂಟಿನೊಳಗೆ ಕಾಣದಂತಾಗುತ್ತದೆ.

ಹಾಗಾದರೆ ಫಾರಂ ಬೇಡ, ಸಿಯಾಲ್ದಾದ ಚೌಕಾಸಿಯೇ ಚೆಂದ ಎನ್ನುವವರಿದ್ದಾರೆ. ಹಬ್ಬದ ಫೋಟೋ ತೆಗೆಯುವವರಿಗೆ ಅದು ಚೆಂದವೇ. ರೈಲಿನ ಖರ್ಚು ಕೈಯಿಂದ ಹಾಕಿ, ರಾತ್ರಿ ನಿಲ್ದಾಣದ ನೆಲದ ಮೇಲೆ ಕಳೆದು, ಕೆಲಸ ಸಿಗುತ್ತದೋ ಇಲ್ಲವೋ ಎಂದು ಬಾರಿಸುತ್ತ ನಿಲ್ಲುವವನ ಚೌಕಾಸಿಯ ಬಲ ಎಷ್ಟು? ಢಾಕಿಗಳಲ್ಲಿ ಹೆಚ್ಚಿನವರು ದಲಿತ ಸಮುದಾಯಗಳವರು. ದೇವಿಯ ಎದುರು ಬಾರಿಸುವವರೇ ಸಮಿತಿಯ ಕುರ್ಚಿಯ ಎದುರು ದನಿ ಎತ್ತಲಾರದ ಸ್ಥಿತಿ ಇಂದು ನಿನ್ನೆಯದಲ್ಲ. ಹೆಂಗಸರ ವಿಷಯವಂತೂ ಇನ್ನೂ ಸ್ಪಷ್ಟ. ಉತ್ತರ 24 ಪರಗಣದ ಮಛಲಂದಪುರದ ಗೋಕುಲ್ ಚಂದ್ರ ದಾಸ್ ಮಹಿಳೆಯರಿಗೆ ಢಾಕ್ ಕಲಿಸಿ ತಂಡ ಕಟ್ಟಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೀಗೆ ಕಲಿತ ಹೆಣ್ಣುಮಕ್ಕಳಿಗೆ ನಿಲ್ದಾಣದ ರಾತ್ರಿಗಿಂತ ಮನೆಯಲ್ಲೇ ಕೈಗೆ ಬರುವ ಬುಕಿಂಗ್ ನೂರು ಪಾಲು ಮೇಲು. ಆದ್ದರಿಂದಲೇ ಆ ಫಾರಂ ಸರಿಯಾಗಿರಬೇಕು ಎಂಬ ಹಟ.

ಸರಿಯಾದ ಕರಾರಿನ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಅದೇ ಊರಿನ ಚಿತ್ಪುರದಲ್ಲಿ, ಈಗಿನ ರವೀಂದ್ರ ಸರಣಿಯ ಉದ್ದಕ್ಕೆ, ಜಾತ್ರಾ ನಾಟಕ ಕಂಪನಿಗಳ ಕಚೇರಿಗಳಿವೆ. ಆಷಾಢದ ರಥಯಾತ್ರೆಯ ದಿನ ಅಲ್ಲಿ ಹೊಸ ವರ್ಷದ ಬುಕಿಂಗ್ ಶುರು. ಹಳ್ಳಿಗಳಿಂದ ಬಂದು ಆಟ ಗೊತ್ತುಮಾಡುವವನನ್ನು ಅಲ್ಲಿ ‘ನಾಯೇಕ್’ ಎನ್ನುತ್ತಾರೆ. ನಮ್ಮಲ್ಲಿ ರಂಗದ ಮೇಲಿರುವ ನಾಯಕ, ಅಲ್ಲಿ ಹಣ ಎಣಿಸುವವನು. ಅವನು ಕೇಳುವುದು ಯಾವ ನಾಟಕ, ಯಾವ ಊರು, ಯಾವ ರಾತ್ರಿ ಎಂದು. ಮುಂಗಡ ಕೊಟ್ಟು ಹೋಗುತ್ತಾನೆ. ಕರಾವಳಿಯ ಯಕ್ಷಗಾನ ಮೇಳಕ್ಕೆ ವೀಳ್ಯ ಕೊಟ್ಟು ಆಟ ನಿಶ್ಚಯಿಸುವುದೂ ಇದೇ ದಾರಿ: ಯಾವ ಪ್ರಸಂಗ, ಎಲ್ಲಿ, ಎಂದು, ಇಡೀ ರಾತ್ರಿಯೋ ಕಾಲಮಿತಿಯೋ. ಕಾಲಮಿತಿ ಆಟದಲ್ಲಿ ಹೊತ್ತು ಕಡಿಮೆಯಾಗುತ್ತದೆ. ಹಾಗೆಂದು ಭಾಗವತರನ್ನು ಬಿಟ್ಟು ಆಟ ಆಡಿಸಿ ಎಂದು ಯಾರೂ ಕೇಳುವುದಿಲ್ಲ. ಚಿತ್ಪುರವಾಗಲಿ ಮೇಳವಾಗಲಿ ಸ್ವರ್ಗವೇನಲ್ಲ; ಕೆಳಗಿನ ಸಾಲಿನ ಕಲಾವಿದರಿಗೆ ಎಷ್ಟು ಮುಟ್ಟುತ್ತದೆ ಎಂಬ ಜಗಳ ಅಲ್ಲಿಯೂ ಇದೆ. ಆದರೆ ಕರಾರಿನ ಮೊದಲ ಪ್ರಶ್ನೆ ಅಲ್ಲಿ ಕೆಲಸದ್ದು.

ಢಾಕಿಯ ಫಾರಂ ಕೂಡ ಅಲ್ಲಿಂದಲೇ ಶುರುವಾಗಲಿ. ಬಜೆಟ್ಟಿನ ಮೊದಲು ಸಂದರ್ಭ ಕೇಳಲಿ: ಪೂಜೆಯೋ, ಮದುವೆಯೋ, ಅಂಗಡಿ ಉದ್ಘಾಟನೆಯೋ. ಪೂಜೆಯಾದರೆ ಯಾವ ತಿಥಿಯಿಂದ ಯಾವ ತಿಥಿಯವರೆಗೆ. ಬೋಧನದಿಂದ ವಿಸರ್ಜನೆಯ ತನಕ ಎಲ್ಲವೂ ಒಂದೇ ಮೂಲ ಚೌಕದಲ್ಲಿ ಬರಲಿ. ಎಷ್ಟು ಢಾಕ್ ಎಂಬುದರ ಜೊತೆ ಜಾಗಟೆ ಬಾರಿಸುವವರು ಯಾರು ಎಂದೂ ಬರೆದಿರಲಿ. ಈವರೆಗೆ ಆ ಕೆಲಸಕ್ಕೆ ಢಾಕಿಯ ಮಗನೋ ಅಣ್ಣನ ಮಗನೋ ಶಾಲೆ ಬಿಟ್ಟು ಬರುವುದು ಸಾಮಾನ್ಯ. ಫಾರಂನಲ್ಲಿ ವಯಸ್ಕನೊಬ್ಬನ ಸಂಬಳ ನಮೂದಾದರೆ ಹುಡುಗ ಮನೆಯಲ್ಲಿ ಉಳಿದಾನು. ಹೆಚ್ಚುವರಿ ಎಂಬುದು ನಿಜವಾಗಿ ಹೆಚ್ಚುವರಿಯಾಗಿರಲಿ: ವೇದಿಕೆ ಕಾರ್ಯಕ್ರಮ, ಜಾಹೀರಾತಿನ ಚಿತ್ರೀಕರಣ, ಪಕ್ಕದ ಬೀದಿಯ ಮೆರವಣಿಗೆ. ಪ್ರಯಾಣ, ಊಟ, ಮಲಗುವ ಜಾಗ ಸಣ್ಣಕ್ಷರದ ಷರತ್ತಾಗದೆ ಬೆಲೆಯ ಪಕ್ಕದಲ್ಲೇ ಇರಲಿ. ಬೆಂಗಳೂರಿನ ಬಂಗಾಳಿ ಸಂಘಗಳು ಪ್ರತಿವರ್ಷ ಢಾಕಿಗಳನ್ನು ಅಲ್ಲಿಂದ ಕರೆಸುತ್ತವೆ. ಅಷ್ಟು ದೂರದ ರೈಲು ಪ್ರಯಾಣ ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆ ಅವರಿಗೂ ಸಲ್ಲುತ್ತದೆ.

ಹಣದ ಮಾತು ಮೂರು ಸಾಲಿನಲ್ಲಿ ಮುಗಿಯುತ್ತದೆ: ಢಾಕಿಗೆ ಇಷ್ಟು, ಕಂಪನಿಗೆ ಇಷ್ಟು, ತೆರಿಗೆ ಇಷ್ಟು. ಗಿರಾಕಿಗೂ ಢಾಕಿಗೂ ಒಂದೇ ರಸೀದಿ, ಢಾಕಿಯದು ಬಂಗಾಳಿಯಲ್ಲಿ. ಸಂತೋಷಪಟ್ಟು ಜನ ಕೊಡುವ ಇನಾಮು ಬಾರಿಸಿದವರದು ಎಂದು ಒಂದು ಗೆರೆ. ಇದರಲ್ಲಿ ತಂತ್ರಜ್ಞಾನದ ಕಷ್ಟ ಯಾವುದೂ ಇಲ್ಲ. ಕಷ್ಟವಿರುವುದು ಕಮಿಷನ್ ಎಷ್ಟೆಂದು ಬಾಯಿಬಿಟ್ಟು ಹೇಳುವುದರಲ್ಲಿ.

ಇನ್ನು ಮುಂಗಡ. ಬಂಗಾಳಿಯಲ್ಲಿ ಅದನ್ನು ‘ಬಾಯ್ನಾ’ ಎನ್ನುತ್ತಾರೆ. ಮಗು ಹಿಡಿಯುವ ಹಟಕ್ಕೂ ಅಲ್ಲಿ ಅದೇ ಮಾತು. ಕನ್ನಡದ ‘ಸಂಚಕಾರ’ಕ್ಕೂ ಎರಡು ಅರ್ಥ: ವ್ಯವಹಾರ ಕುದುರಿಸಲು ಕೊಡುವ ಹಣ, ಮತ್ತು ಬಂದೊದಗುವ ಆಪತ್ತು. ಮುಂಗಡ ಕಂಪನಿಯ ಖಾತೆಯಲ್ಲೇ ನಿಂತು, ಢಾಕಿ ಊರು ಬಿಟ್ಟ ಮೇಲೆ ಗಿರಾಕಿ ಬುಕಿಂಗ್ ರದ್ದು ಮಾಡಿ ಪೂರ್ತಿ ಹಣ ವಾಪಸು ಪಡೆಯುವಂತಿದ್ದರೆ, ಆ ಸಂಚಕಾರ ಎರಡನೆಯ ಅರ್ಥದ್ದು. ಢಾಕಿ ರೈಲು ಹತ್ತುವ ಮೊದಲು ಮುಂಗಡ ಅವನ ಕೈ ಸೇರಬೇಕು. ಹತ್ತಿದ ಮೇಲೆ ರದ್ದು ಮಾಡಿದವರು ಅದನ್ನು ಮರೆಯಬೇಕು.

2021ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಕೋಲ್ಕತ್ತದ ದುರ್ಗಾಪೂಜೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪರಂಪರೆಯ ಸದ್ದು ಢಾಕಿನದು. ಅದನ್ನು ಬಾರಿಸುವವನ ಕೆಲಸ ಏನು, ಕೂಲಿ ಎಷ್ಟು ಎಂದು ನೇರವಾಗಿ ಬರೆಯಲಾರದ ಫಾರಂ, ಎಷ್ಟು ನಯವಾಗಿದ್ದರೂ, ಸಿಯಾಲ್ದಾದ ಅದೇ ಚೌಕಾಸಿ. ಒಂದೇ ವ್ಯತ್ಯಾಸ: ಅಲ್ಲಿ ಢಾಕಿಗೆ ತನ್ನ ಬೆಲೆಯನ್ನಾದರೂ ಬಾಯಿಬಿಟ್ಟು ಹೇಳಲು ಬರುತ್ತಿತ್ತು.