ಅರ್ಧರ್ಧ ರೋಗಿ

ಆಯುರ್ವೇದ ಮೇಲೋ ಅಲೋಪತಿ ಮೇಲೋ ಎಂದು ನಮ್ಮ ಸಂಘದಲ್ಲಿ ಚರ್ಚಾಸ್ಪರ್ಧೆ ಇಟ್ಟರೆ ನಾನಂತೂ ಯಾವ ಪಕ್ಷಕ್ಕೂ ಸೇರುವವನಲ್ಲ. ರೋಗಿಗೆ ಬೇಕಾದದ್ದು ಬೇರೆ.

ಮಾಟುಂಗದಲ್ಲಿರುವ ನನ್ನ ಸೋದರಮಾವನಿಗೆ ಮೂತ್ರಪಿಂಡದ ಕಾಯಿಲೆ ಹಿಡಿದು ಐದು ವರ್ಷ. "ಬೇರೆ ಔಷಧಿ ಏನಾದ್ರೂ ತಗೊಳ್ತೀರಾ?" ಅಂತ ಡಾಕ್ಟರು ಕೇಳಿದರೆ ಮಾವ ಸೂರು ನೋಡುತ್ತಾರೆ. ಊರಿನ ಪಂಡಿತರ ಮುಂದೆ ಕೂತಾಗ ಕ್ರಿಯಾಟಿನಿನ್ ಚೀಟಿ ಕಿಸೆಯಿಂದ ಹೊರಗೆ ಬರುವುದೇ ಇಲ್ಲ. ಇಬ್ಬರಿಗೂ ಸಿಕ್ಕಿದ್ದು ಅರ್ಧರ್ಧ ರೋಗಿ!

ಪುನರ್ನವ, ನೆಗ್ಗಿಲು ಇವೆಲ್ಲ ಬಾವಿಗೆ, ಮೂತ್ರದ ತೊಂದರೆಗೆ ಹಿಂದಿನಿಂದ ಕೊಡುತ್ತ ಬಂದ ಮದ್ದು. ನನಗೆ ಅವುಗಳ ಮೇಲೆ ಹಗೆಯಿಲ್ಲ. ಆದರೆ ಸೋತ ಮೂತ್ರಪಿಂಡ ಪೊಟ್ಯಾಶಿಯಂ ಹೊರಹಾಕಲಾರದು. ಅದು ರಕ್ತದಲ್ಲಿ ಮಿತಿಮೀರಿದರೆ ಹೃದಯವೇ ನಿಲ್ಲಬಹುದು. ಎಳನೀರನ್ನೂ ಬೇಡವೆಂದು ಬಿಟ್ಟವರಿಗೆ ಲೋಟಗಟ್ಟಲೆ ಕಷಾಯ ಲೆಕ್ಕಕ್ಕಿಲ್ಲವೇ? ಬಾಸ್ಟನ್ನಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳ ಪೈಕಿ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್‌ಗಳಲ್ಲಿ ಒಂದಾದರೂ ಇತ್ತೆಂದು 2004ರಲ್ಲಿ ವರದಿಯಾಯಿತು. ಇಂಗ್ಲಿಷ್ ಮದ್ದೇನು ಸಾಚಾ ಅಲ್ಲ ಬಿಡಿ: ಮಂಡಿನೋವಿಗೆಂದು ಮಾವ ತಾವೇ ತಂದು ನುಂಗುವ ಐಬುಪ್ರೊಫೆನ್ ಕೂಡ ಇದೇ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ.

ಬಿ.ಪಿ. ಮಾತ್ರೆ ಬಿಟ್ಟುಬಿಡಿ ಎನ್ನುವ ಪಂಡಿತರನ್ನು ನಾನು ಒಪ್ಪಲಾರೆ. ಕಷಾಯ ಅಂದಕೂಡಲೆ, ಅದರಲ್ಲೇನಿದೆ ಎಂದೂ ಕೇಳದೆ ಗದರುವ ಡಾಕ್ಟರನ್ನೂ ಒಪ್ಪಲಾರೆ. ಮಾವ ಬಾಯಿ ಮುಚ್ಚಿಕೊಂಡದ್ದು ಆ ಗದರಿಕೆಗೇ. ಮನೆಯಲ್ಲಿ ಹಿರಿಯರ ರಿಪೋರ್ಟು ಓದಿ ಹೇಳುವವರು ನಾವು, ಕಾಲೇಜಿನವರು. ಡಾಕ್ಟರ ಚೀಟಿಯ ಬೆನ್ನಿಗೆ ಪಂಡಿತರ ಮದ್ದಿನ ಹೆಸರನ್ನೂ ಅಳತೆಯನ್ನೂ ನಾವೇ ಬರೆದಿಡೋಣ, ಅದೇ ಚೀಟಿಯನ್ನು ಇಬ್ಬರಿಗೂ ತೋರಿಸೋಣ. ಹಿರಿಯರು ಸಿಟ್ಟಾದರೆ ಆಗಲಿ.