ಒರಟು ಉಣ್ಣೆಗೆ ಹೊಸ ಅಳತೆಗೋಲು

ಪುಣೆಯಿಂದ ಅಹಿಲ್ಯಾನಗರದತ್ತ ಸಾಗುವ ಹೆದ್ದಾರಿಯಲ್ಲಿ, ಸುಮಾರು 50 ಕಿಲೋಮೀಟರ್ ದೂರದಲ್ಲಿದೆ ರಾಂಜಣಗಾಂವ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಈ ಊರು ಈಗ ಕಾರು, ಫ್ರಿಜ್, ವಾಷಿಂಗ್ ಮಷೀನುಗಳ ಕಾರ್ಖಾನೆಗಳಿಗೂ ಹೆಸರಾಗಿದೆ. ಕಾರ್ಖಾನೆಗಳ ಕಾಂಪೌಂಡಿನಾಚೆ ಶಿರೂರು ತಾಲೂಕಿನ ಒಣಭೂಮಿ. ಅಲ್ಲಿ ಕುರಿ ಮೇಯಿಸುವ ಧನಗರರ ‘ಘೋಂಗಡಿ’ ನಮ್ಮ ಕುರುಬರ ಕಂಬಳಿಯೇ. ಅವರ ಬಿರೋಬಾ ನಮ್ಮ ಬೀರಪ್ಪನೇ. ಕುರಿಯೂ ಒಂದೇ ತಳಿಯದು: ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳ ಬಯಲುಸೀಮೆಗೆ ಒಗ್ಗಿದ ದಖನಿ.

ದಖನಿಯ ಉಣ್ಣೆ ಬಹುಪಾಲು ಕಪ್ಪು, ಕಂದು ಬಣ್ಣದ್ದು, ಎಳೆ ಒರಟು. ಮೆರಿನೋ ಉಣ್ಣೆಯಂತೆ ಅದು ಮೈಗೆ ಹಿತವಾಗದು. ಅಗ್ಗದ ಗಿರಣಿ ಹೊದಿಕೆಗಳು ಬಂದ ಮೇಲೆ ಕಂಬಳಿಯ ಬೇಡಿಕೆ ಕುಸಿಯಿತು. ಉಣ್ಣೆ ಮಾರಿದ ಹಣ ಕತ್ತರಿಸುವವರ ಕೂಲಿಗೂ ಸಾಲದೆ, ಅನೇಕ ಕಡೆ ಕುರಿಗಾರರು ಅದನ್ನು ಅಲ್ಲಿಯೇ ಬಿಟ್ಟು ಮುಂದೆ ನಡೆಯುತ್ತಾರೆ. ಮಾಂಸಕ್ಕಷ್ಟೇ ಬೆಲೆಯಿರುವುದರಿಂದ ಒಲವೂ ಮಾಂಸದ ತಳಿಗಳ ಕಡೆಗೆ ಹೊರಳಿದೆ. ಹೀಗೆಯೇ ನಡೆದರೆ ಉಣ್ಣೆಯೊಂದಿಗೆ ಅದನ್ನು ಹಿಂಜುವ, ನೂಲುವ, ನೇಯುವ ಕೈಗಳೂ ಇಲ್ಲವಾಗುತ್ತವೆ.

ಇದನ್ನು ಉಣ್ಣೆಯ ದೋಷವೆಂದು ನಾವು ಒಪ್ಪಲಾರೆವು. ಮೈಮೇಲೆ ಹೊದೆಯುವ ಬಟ್ಟೆಯ ಅಳತೆಗೋಲಿನಿಂದ ಮಾತ್ರ ಅದನ್ನು ಅಳೆದಿರುವುದೇ ದೋಷ. ಅದನ್ನೊಮ್ಮೆ ನೆಲಕ್ಕೆ ಹಾಸಿ, ಗೋಡೆಗೆ ಹೊದಿಸಿ, ಶಬ್ದ ಹೀರುವ ವಸ್ತುವಾಗಿ ಪರೀಕ್ಷಿಸಬೇಕು.

ಸದ್ದೆಂದರೆ ಗಾಳಿಯ ಕಂಪನ. ಸಿಮೆಂಟಿನ ಗೋಡೆ, ಟೈಲ್ಸಿನ ನೆಲ ಅದನ್ನು ಹಿಂದಕ್ಕೆಸೆಯುತ್ತವೆ. ಎಳೆಗಳು ಹೆಣೆದುಕೊಂಡ ಹಾಸಿನೊಳಗೆ ಹೊಕ್ಕ ಕಂಪನವಾದರೋ ಎಳೆಗಳ ನಡುವೆ ತಿಕ್ಕಾಡಿ, ಅತ್ಯಲ್ಪ ಶಾಖವಾಗಿ ಕರಗುತ್ತದೆ. ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಒಂದೇ ದಪ್ಪ, ಒಂದೇ ತೂಕದ ಹಾಸುಗಳಲ್ಲಿ ಸಾಮಾನ್ಯವಾಗಿ ನವುರಾದ ಎಳೆಯೇ ಹೆಚ್ಚು ಹೀರುತ್ತದೆ. ಒರಟು ಉಣ್ಣೆಯನ್ನು ಇನ್ನಷ್ಟು ದಪ್ಪವಾಗಿ, ಒತ್ತಾಗಿ ಬಳಸಬೇಕಾಗುತ್ತದೆ. ಆದರೆ ತುಳಿದರೂ ಪುಟಿದೇಳುವ ಗುಣ ಒರಟು ಎಳೆಯದು. ಇನ್ನು, 1000 ಹರ್ಟ್ಸ್ ಧ್ವನಿಯ ಅಲೆಯುದ್ದ ಸುಮಾರು 34 ಸೆಂಟಿಮೀಟರ್. 100 ಹರ್ಟ್ಸಿನ ಮಂದ್ರ ಗುಂಯ್‌ಗುಡುವಿಕೆಯದು 3.4 ಮೀಟರ್. ತೆಳ್ಳನೆಯ ಹಾಸು ಮೊದಲನೆಯದನ್ನು ತಕ್ಕಮಟ್ಟಿಗೆ ತಗ್ಗಿಸೀತು, ಎರಡನೆಯದರ ಮುಂದೆ ನಿಲ್ಲಲಾರದು. ಆದ್ದರಿಂದ ಕಾರ್ಖಾನೆಯ ದೊಡ್ಡ ಯಂತ್ರಗಳ ಅಬ್ಬರವನ್ನು ಕಂಬಳಿ ಅಡಗಿಸೀತೆಂದು ನಾವು ಹೇಳುತ್ತಿಲ್ಲ. ಕಚೇರಿ, ತರಗತಿ, ಸಭಾಂಗಣಗಳಲ್ಲಿ ಮಾತನ್ನು ಕಲಸಿಬಿಡುವ ಮಾರ್ದನಿಯೇ ಅದಕ್ಕೆ ತಕ್ಕ ಎದುರಾಳಿ. ಕಾರಿನ ನೆಲಹಾಸಿನ ಅಡಿಯಲ್ಲೂ ಹಳೆಯ ಬಟ್ಟೆಯ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಪದರವನ್ನು ಇದೇ ಉದ್ದೇಶಕ್ಕೆ ಹಾಕುವ ರೂಢಿಯಿದೆ. ಕಾರು ತಯಾರಾಗುವ ಊರಿನ ಮಗ್ಗುಲಲ್ಲೇ ಬೇಡವಾದ ಉಣ್ಣೆ ಬಿದ್ದಿದೆಯೆಂಬುದನ್ನು ಉದ್ಯಮಗಳು ಗಮನಿಸಬೇಕು.

ಉಣ್ಣೆಗೆ ಬೇರೆ ಗುಣಗಳೂ ಉಂಟು. ಅದು ಸುಲಭವಾಗಿ ಹೊತ್ತಿಕೊಳ್ಳದು. ಪ್ಲಾಸ್ಟಿಕ್ ಎಳೆಯಂತೆ ಕರಗಿ ತೊಟ್ಟಿಕ್ಕದು. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದು. ತೊಡಕುಗಳೂ ಉಂಟು. ಮಣ್ಣು, ಮುಳ್ಳು, ಜಿಡ್ಡುಗಳನ್ನು ತೊಳೆಯಬೇಕು. ನುಸಿ ಹಿಡಿಯದಂತೆ ಸಂಸ್ಕರಿಸಬೇಕು. ಎಷ್ಟು ದಪ್ಪದ ಹಾಸು ಎಷ್ಟು ಸದ್ದನ್ನು ಹೀರುತ್ತದೆಂದು ಪ್ರಯೋಗಾಲಯದಲ್ಲಿ ಅಳೆದು ಅಂಕಿಗಳನ್ನು ಮುಂದಿಡಬೇಕು. ಗಾಜಿನ ಉಣ್ಣೆಯೂ ಪಾಲಿಯೆಸ್ಟರೂ ಮಾರುಕಟ್ಟೆಯಲ್ಲಿ ಬೇರೂರಿವೆ. ಕೇವಲ ಕನಿಕರದಿಂದ ಕೊಳ್ಳುವವರನ್ನು ನಂಬಿ ಅವುಗಳೊಡನೆ ಸ್ಪರ್ಧಿಸಲಾಗದು.

ಆ ಕಾರಣದಿಂದಲೇ ಮೊದಲ ಹೆಜ್ಜೆಯನ್ನು ಸರ್ಕಾರಗಳು ಇಡಬೇಕು. ಒರಟು ಉಣ್ಣೆಯ ಬೆಲೆ ಕುಸಿದು ಕಂಗೆಟ್ಟ ನ್ಯೂಜಿಲೆಂಡ್, 2025ರ ಜುಲೈಯಿಂದ ತನ್ನ ಸರ್ಕಾರಿ ಕಟ್ಟಡಗಳಲ್ಲಿ ಸಾಧ್ಯವಿರುವೆಡೆಯೆಲ್ಲ ಉಣ್ಣೆಯ ಹಾಸು, ಉಣ್ಣೆಯ ಶಬ್ದನಿರೋಧಕಗಳನ್ನೇ ಬಳಸಬೇಕೆಂದು ವಿಧಿಸಿತು. ಪುಣೆಯಲ್ಲಿ ಮಹಾರಾಷ್ಟ್ರದ ಕುರಿ-ಮೇಕೆ ಅಭಿವೃದ್ಧಿ ನಿಗಮವಿದೆ. ಕರ್ನಾಟಕದಲ್ಲಿಯೂ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ. ಎರಡೂ ಕೂಡಿ ಒಂದು ತೊಳೆಯುವ ಘಟಕ, ಒಂದು ಪರೀಕ್ಷೆ, ಒಂದಷ್ಟು ಶಾಲೆಗಳ ಖಾತರಿ ಖರೀದಿ ಎಂದು ಆರಂಭಿಸಿದರೂ ಸಾಕು. ಗಡಿ ವ್ಯಾಜ್ಯದಲ್ಲಿ ಎದುರುಬದುರಾಗುವ ಎರಡು ರಾಜ್ಯಗಳಿಗೆ ಜೊತೆಗೂಡಿ ದುಡಿಯಲು ಇದಕ್ಕಿಂತ ನಿರಪಾಯದ ಕೆಲಸ ಇನ್ನಾವುದು?

ಹೊರನಾಡಿನ ಕನ್ನಡ ಸಂಘಗಳ ಪಾಲೂ ಇದರಲ್ಲಿದೆ. ನಾಟಕದ ಮಾತು ಹಿಂದಿನ ಸಾಲಿಗೆ ಕಲಸಿಕೊಂಡು ಮುಟ್ಟುವ ಸಭಾಂಗಣಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಟ್ಟಡ ನವೀಕರಿಸುವಾಗ ಒಂದು ಗೋಡೆಗಾದರೂ ದಪ್ಪನೆಯ ದಖನಿ ಕಂಬಳಿ ಹೊದಿಸಿ, ಮೊದಲೂ ಅನಂತರವೂ ಮಾರ್ದನಿಯನ್ನು ಅಳೆದು, ಫಲಿತಾಂಶವನ್ನು ಎಲ್ಲರ ಮುಂದಿಡೋಣ. ಕಾರ್ಪೆಟ್ಟಿಗೆ ನಮ್ಮ ಹಿರಿಯರು ‘ರತ್ನಗಂಬಳಿ’ ಎಂಬ ಹೆಸರನ್ನಿಟ್ಟರು. ಆ ಹೆಸರಿನೊಳಗಿನ ಕಂಬಳಿಗೂ ಅದನ್ನು ನೇಯುವವರಿಗೂ ಬೆಲೆ ಸಿಗಲಿ.